ಸಹಾಯ ಬೇಕು: ಹಾರ್ಡ್‌ವೇರ್ ಅಂಗಡಿಗೆ ಹೊಸಬ

ನಮಸ್ಕಾರ. ಸೋಮವಾರದಿಂದ ಉಡುಪಿಯ ಒಂದು ಕಟ್ಟಡ ಸಾಮಗ್ರಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೇನೆ. ಹಾವೇರಿ ಕಡೆಯವನು, ತುಳುವಿನಲ್ಲಿ "ಏತಾಪುಂಡು" (ಎಷ್ಟಾಗುತ್ತದೆ) ಒಂದೇ ಗೊತ್ತು!

ಸಿಮೆಂಟ್ ಸುಲಭ, 50 ಕೆಜಿ ಚೀಲ. ಕಬ್ಬಿಣದ ಲೆಕ್ಕವೂ ಹಿಡಿತಕ್ಕೆ ಬಂತು: ರಾಡಿನ ದಪ್ಪದ ಎಂಎಂ ಅನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ. 12 ಮೀಟರಿನ 8 ಎಂಎಂ ರಾಡು ಸುಮಾರು 4.7 ಕೆಜಿ.

ತಲೆ ಕೆಡುವುದು ಪೈಪ್ ಫಿಟ್ಟಿಂಗ್ಸ್‌ನಲ್ಲಿ. ನಿನ್ನೆ ಗೀಸರ್ ಲೈನಿಗೆ ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್) ಎಲ್ಬೋ, ಅಂದರೆ ಪೈಪ್ ತಿರುಗಿಸುವ ಜೋಡಣೆ ತುಂಡು, ಕೇಳಿದರೆ ಯುಪಿವಿಸಿ (ತಣ್ಣೀರಿನ ಪ್ಲಾಸ್ಟಿಕ್) ಕೊಟ್ಟುಬಿಟ್ಟೆ. ಬಿಸಿನೀರಿಗೆ ಅದು ಆಗುವುದಿಲ್ಲ ಅಲ್ವಾ? ಪ್ಲಂಬರ್ ಅಣ್ಣ ವಾಪಸ್ ತಂದರು, ಬೈಯಲಿಲ್ಲ, ಪುಣ್ಯ.

ಫಿಟ್ಟಿಂಗ್ಸ್ ಹೆಸರು, ಅಳತೆ ನೀವೆಲ್ಲ ಹೇಗೆ ನೆನಪಿಟ್ಟುಕೊಂಡಿರಿ? ಮೇಸ್ತ್ರಿಗಳು ಬಳಸುವ ತುಳು ಪದಗಳನ್ನೂ ಯಾರಾದರೂ ಬರೆದು ಹಾಕಿ ಮಾರಾಯ್ರೇ.