ಅಪ್‌ಡೇಟ್: ಧಾರವಾಡದ ಹಾಡುಗಳು, ಗಿಟಾರಿನ ಗುಂಯ್‌ಗುಡುವಿಕೆ ನಿಂತಿತು

ಹುಟ್ಟೂರು ಧಾರವಾಡದ ಮೇಲೆ ಬರೆದ ಆರು ಹಾಡುಗಳನ್ನು ಬರೀ ಗಿಟಾರ್ ಮತ್ತು ದನಿಯಲ್ಲಿ ಮನೆಯಲ್ಲೇ ಧ್ವನಿಮುದ್ರಿಸುತ್ತಿದ್ದೇನೆ, ಗಿಟಾರ್ ಗುಂಯ್‌ಗುಡುತ್ತದೆ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ವಂದನೆಗಳು.

ತಪ್ಪಿದ್ದದ್ದು ಮೈಕ್ ಇಟ್ಟ ಜಾಗದಲ್ಲಿ. ನೇರವಾಗಿ ಗಿಟಾರಿನ ಬಾಯಿಗೇ ಹಿಡಿದಿದ್ದೆ. ತಗ್ಗು ಸ್ವರಗಳು ಅಲ್ಲಿಂದಲೇ ನುಗ್ಗುತ್ತವೆ. ನೀವು ಹೇಳಿದಂತೆ ಹನ್ನೆರಡನೆಯ ಫ್ರೆಟ್‌ನ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ) ಎದುರು, ಸುಮಾರು 30 ಸೆಂ.ಮೀ. ದೂರಕ್ಕೆ ಸರಿಸಿದೆ. ಈಗ ತಂತಿಯ ಮೇಲೆ ಬೆರಳು ಜಾರುವ ಸದ್ದೂ ಕೇಳಿಸುತ್ತದೆ. ಅದನ್ನು ಅಳಿಸುವುದಿಲ್ಲ, ಪಕ್ಕದಲ್ಲೇ ಕುಳಿತು ಹಾಡಿದಂತಿದೆ. ಬರಿಗೋಡೆಗೆ ಅಜ್ಜಿ ಹೊಲಿದ ಕೌದಿಯನ್ನು ತೂಗುಹಾಕಿದ ಮೇಲೆ ಕೋಣೆಯ ಪ್ರತಿಧ್ವನಿಯೂ ಅಡಗಿತು.

ತಬಲಾ ಸೇರಿಸಿ ಎಂಬ ಸಲಹೆಯನ್ನು ಮಾತ್ರ ಒಪ್ಪಲಾಗಲಿಲ್ಲ. ಈ ಹಾಡುಗಳಿಗೆ ಅಷ್ಟು ಜನ ಬೇಡ.

ಸಾಧನಕೇರಿಯ ಹಾಡಿನ ನಡುವೆ ಹಂಚಿನ ಮೇಲೆ ಮಳೆ ಶುರುವಾಯಿತು. ಮರುದಿನ ಮೂರು ಸಲ ಹಾಡಿದೆ. ಮೊದಲನೆಯದರ ಹತ್ತಿರಕ್ಕೂ ಬರಲಿಲ್ಲ. ಬೇಂದ್ರೆಯವರು ಬಾಳಿದ ಆ ಕೇರಿಯ ಮಳೆಯನ್ನು ಹಾಡುತ್ತಾ ಮಳೆಯನ್ನೇ ಹೊರಗಿಡಲು ಮನಸ್ಸು ಬರಲಿಲ್ಲ. ಮಳೆಯಿರುವುದನ್ನೇ ಉಳಿಸಿಕೊಂಡಿದ್ದೇನೆ. ಇನ್ನೆರಡು ಹಾಡು ಬಾಕಿ ಇವೆ.