ಪಾಪುಗೆ ಅಂಗುಳದಲ್ಲಿ ಸೀಳು ಇದೆಯಂತೆ, ಹಾಲು ಮೂಗಲ್ಲಿ ಬರ್ತಿದೆ, ಏನ್ಮಾಡ್ಲಿ?

ಹೊಸ ಅಮ್ಮ:
ತುಟಿ ಸರಿಯಾಗೇ ಇತ್ತು, ಅದಕ್ಕೇ ಮೊದಲು ಯಾರಿಗೂ ಗೊತ್ತಾಗ್ಲಿಲ್ಲ. ಎದೆಗೆ ಹಾಕ್ಕೊಂಡ್ರೆ ಚೀಪ್ತಾಳೆ, ಹಾಲು ಮಾತ್ರ ಬರಲ್ಲ, ಬಂದಿದ್ದೂ ಮೂಗಲ್ಲಿ ಆಚೆ ಬರುತ್ತೆ, ಡಾಕ್ಟ್ರು ಟಾರ್ಚ್ ಹಾಕಿ ನೋಡಿ ಮೆತ್ತನೆ ಅಂಗುಳದಲ್ಲಿ, ಅಂದ್ರೆ ಬಾಯಿ ಮೇಲ್ಭಾಗದ ಹಿಂದುಗಡೆ, ಸೀಳಿದೆ ಅಂದ್ರು. ಆಪರೇಷನ್ ಈಗ್ಲೇ ಬೇಡ, ತೂಕ ಬರ್ಲಿ ಅಂತಾರೆ. ಹಾಲೇ ಹೋಗ್ದೆ ತೂಕ ಹೇಗ್ರೀ ಬರುತ್ತೆ? ಬಸುರಿಲಿ ನಾನೇ ಏನೋ ತಪ್ಪು ಮಾಡಿದ್ನಾ ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲ.

ಇಬ್ಬರು ಮಕ್ಕಳ ತಾಯಿ:
ತಪ್ಪು ನಿಮ್ದಲ್ಲಮ್ಮ. ಅಂಗುಳದ ಎರಡು ಭಾಗ ಬಂದು ಕೂಡೋದು ಗರ್ಭದ 12ನೇ ವಾರದ ಒಳಗೇ, ಬಹಳಷ್ಟು ಮಕ್ಕಳಲ್ಲಿ ಇದೇ ಕಾರಣ ಅಂತ ಬೆರಳಿಟ್ಟು ತೋರಿಸೋಕೇ ಆಗಲ್ಲ.

ನನ್ನ ಮಗನಿಗೂ ಹೀಗೇ ಇತ್ತು. ತೂತು ಬಿದ್ದ ಸ್ಟ್ರಾದಲ್ಲಿ ಎಳೆದ್ರೆ ಗಾಳಿನೇ ಬರುತ್ತಲ್ಲ, ಹಾಗೆ ಆಗೋದು, ಮಗುಗೆ ಹಸಿವಿದೆ, ನುಂಗೋಕೂ ಬರುತ್ತೆ, ಬಾಯೊಳಗೆ ಎಳೆತ ಮಾತ್ರ ಹುಟ್ಟಲ್ಲ. ಎದೆಹಾಲನ್ನೇ ಪಂಪ್ ಮಾಡಿ ಸೀಳು ಅಂಗುಳದ ಮಕ್ಕಳಿಗೇ ಅಂತ ಬರೋ ಒತ್ತೋ ಬಾಟ್ಲಿಲಿ ಕೊಡಿ. ತಲೆ ಎತ್ತರದಲ್ಲಿರೋ ಹಾಗೆ ಕೂರಿಸ್ಕೊಂಡು, ಅವಳು ಚೀಪಿದಾಗ ಮೆಲ್ಲಗೆ ಒತ್ತಿ, ಗುಟುಕು ನುಂಗಿದ್ಮೇಲೆ ಮತ್ತೆ ಒತ್ತಿ, ಸುಮ್ನೆ ಒತ್ತುತ್ತಾ ಹೋದ್ರೆ ಕೆಮ್ಮು ಬರುತ್ತೆ. ಗಾಳಿ ಜಾಸ್ತಿ ನುಂಗ್ತಾರೆ, ಮಧ್ಯೆ ಮಧ್ಯೆ ತೇಗು ತೆಗೆಸಿ. ಅರ್ಧ ಗಂಟೆ ಮೀರಿ ಕುಡಿಸ್ಬೇಡಿ, ಕುಡಿದಿದ್ದೆಲ್ಲ ಆ ದಣಿವಿಗೇ ಹೋಗುತ್ತೆ. ಮೂಗಲ್ಲಿ ಸ್ವಲ್ಪ ಬಂದ್ರೆ ನಿಲ್ಸಿ ಒರೆಸಿ, ಹೆದರ್ಬೇಡಿ. ಆದ್ರೆ ತುಟಿ ನೀಲಿಗಟ್ಟಿದ್ರೆ, ಉಸಿರಾಡೋಕೆ ಒದ್ದಾಡಿದ್ರೆ ತಕ್ಷಣ ಆಸ್ಪತ್ರೆಗೆ ಓಡಿ.

ಸ್ಪೀಚ್ ಥೆರಪಿಸ್ಟ್:
ಮೇಲಿನವರು ಹೇಳಿದ್ದು ಸರಿ, ಮೊದಲ ಸಲ ಬಾಟ್ಲಿನ ಗೊತ್ತಿರೋ ನರ್ಸ್ ಮುಂದೆ ಕುಡಿಸಿ ನೋಡಿ. ಎಲ್ರೂ ಮರೆಯೋದು ಕಿವಿ. ಅಂಗುಳದ ಸ್ನಾಯುವೇ ಮೂಗಿನ ಹಿಂದಿಂದ ಕಿವಿಗೆ ಹೋಗೋ ನಾಳ ತೆರೆಯೋದು, ಅದು ಸರಿ ಕೆಲಸ ಮಾಡದಿದ್ರೆ ಕಿವಿತಮಟೆ ಹಿಂದೆ ನೀರು ತುಂಬುತ್ತೆ, ನೋವೂ ಇಲ್ದೆ ಕೇಳಿಸೋದು ಮಂದ ಆಗುತ್ತೆ, ಕೇಳ್ದೆ ಇದ್ರೆ ಮಾತು ಕಲಿಯೋದೂ ತಡ. ಆಪರೇಷನ್ ಸಾಮಾನ್ಯವಾಗಿ 9ರಿಂದ 18 ತಿಂಗಳೊಳಗೆ ಮಾಡ್ತಾರೆ, ಮಾತು ಶುರುವಾಗೋ ಹೊತ್ತಿಗೆ ಅಂಗುಳ ಮುಚ್ಚಿರ್ಲಿ ಅಂತ. ಆಮೇಲೂ ಕೆಲವು ಮಕ್ಕಳಿಗೆ ಮಾತು ಮೂಗಲ್ಲೇ ಬರುತ್ತೆ, ಅದಕ್ಕೆ ಥೆರಪಿ ಇದೆ, ಬೇಕಾದ್ರೆ ಇನ್ನೊಂದು ಆಪರೇಷನ್ನೂ ಇದೆ.

ಹೊಸ ಅಮ್ಮ:
ಹುಟ್ಟಿದಾಗ ಕಿವಿ ಟೆಸ್ಟ್ ಪಾಸ್ ಆಗಿತ್ತು ಮೇಡಂ, ಮತ್ತೆ ಮಾಡಿಸ್ಬೇಕಾ?

ಸ್ಪೀಚ್ ಥೆರಪಿಸ್ಟ್:
ಮಾಡಿಸ್ಲೇಬೇಕು. ನೀರು ಆಮೇಲೂ ತುಂಬಬಹುದು, ಆಪರೇಷನ್ ಆದ್ಮೇಲೂ ಕೆಲವು ವರ್ಷ ಆಗಾಗ ನೋಡಿಸ್ತಾ ಇರಿ.