ಪಂಚಾಯಿತಿಗೆ ನಿಲ್ಲಬೇಕಾ? ಅನುಭವ ಇದ್ದವರು ಹೇಳಿ

ವಾಪಸ್ ಬಂದವನು, ತೀರ್ಥಹಳ್ಳಿ ತಾಲೂಕು:
ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದೇನೆ. ಮುಂದಿನ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲು ಅಂತ ಊರಿನವರು ಹಿಂದೆ ಬಿದ್ದಿದ್ದಾರೆ. ಗ್ರಂಥಾಲಯ ಸರಿಯಾಗಬೇಕು, ವಾರದ ಸಂತೆ ಶುರುವಾಗಬೇಕು, ಹುಡುಗರು ಊರಲ್ಲೇ ಉಳಿಯಬೇಕು ಅಂತ ಆಸೆ. ಮನೆಯವರು ಬೇಡ ಅನ್ನುತ್ತಾರೆ. ಏನು ಮಾಡಲಿ?

ದಬ್ಬೆ ಸಂಕ, ಹೊಸನಗರ:
ನಿಲ್ಲಿ. ಆದರೆ ಗ್ರಂಥಾಲಯ ಆಮೇಲೆ. ನಾನು 2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದವನು. ನಮ್ಮಲ್ಲಿ ಹಳ್ಳದಾಚೆ ಐದು ಮನೆ. ಪ್ರತಿ ವರ್ಷ ಅಡಿಕೆ ಮರದ ಸೀಳು, ಅದೇ ದಬ್ಬೆ, ಕಟ್ಟಿ ಸಂಕ (ಕಾಲುಸೇತುವೆ) ಮಾಡುವುದು, ಆಷಾಢದ ಮಳೆಗೆ ಅದು ಕೊಚ್ಚಿ ಹೋಗುವುದು, ಮಕ್ಕಳು ಮನೆಯಲ್ಲಿ ಕೂರುವುದು. ಸಿಮೆಂಟಿನ ಕಾಲುಸಂಕ ಮಾಡಿಸುತ್ತೇನೆ ಅಂತ ಮಾತು ಕೊಟ್ಟಿದ್ದೆ. ಉದ್ಯೋಗ ಖಾತರಿಯಲ್ಲಿ, ಅದೇ ನರೇಗಾದಲ್ಲಿ, ಆಗ ಕೂಲಿಗೆ 60, ಸಾಮಗ್ರಿಗೆ 40 ಅನುಪಾತ ಇತ್ತು. ಸಂಕ ಅಂದರೆ ಬರೀ ಕಬ್ಬಿಣ, ಸಿಮೆಂಟು, ಜಲ್ಲಿ. ಲೆಕ್ಕ ಸರಿದೂಗಬೇಕಾದರೆ ಬೇರೆ ಕಡೆ ಬಸಿಗಾಲುವೆ, ಇಂಗುಗುಂಡಿ ತೆಗೆಸಬೇಕಿತ್ತು. ತೆಗೆಯಲು ಜನ ಎಲ್ಲಿ? 2022-23ರಲ್ಲಿ ನರೇಗಾ ದಿನಗೂಲಿ 309 ರೂಪಾಯಿ. ಅಡಿಕೆ ಗೊನೆ ಕೊಯ್ಲಿಗೆ ಹೋದರೆ ಅದರ ಎರಡರಷ್ಟು, ಮೇಲೆ ಊಟ, ಕಾಫಿ. ಆಮೇಲೆ ಆ್ಯಪ್ ಹಾಜರಿ ಬಂತು. ಕೆಲಸದ ಜಾಗದಲ್ಲಿ ದಿನಕ್ಕೆ ಎರಡು ಸಲ ಫೋಟೊ ತೆಗೆಯಬೇಕಿತ್ತು, ಅದನ್ನು ಕಳಿಸಲು ಗುಡ್ಡ ಹತ್ತಬೇಕಿತ್ತು.

ಸಂಕ ಮುಗಿಯಿತು. ಸಾಮಗ್ರಿ ಬಿಲ್ ಬರಲಿಲ್ಲ. ಅಂಗಡಿಯವರು ಮನೆ ಬಾಗಿಲಿಗೆ ಬಂದರು. ಸಿಮೆಂಟಿಗೆ 38 ಸಾವಿರ, ಕಬ್ಬಿಣಕ್ಕೆ 52 ಸಾವಿರ. ಜಲ್ಲಿ ಲಾರಿ ಹಳ್ಳಕ್ಕೆ ಇಳಿಯುವುದಿಲ್ಲ, ಟಿಲ್ಲರ್‌ನಲ್ಲಿ ಹೊಡೆಸಿದ್ದಕ್ಕೆ 11 ಸಾವಿರ. ಎಲ್ಲ ಅಡಿಕೆ ದುಡ್ಡಿನಿಂದ ಕೊಟ್ಟೆ. ಬಿಲ್ ಕೈಗೆ ಬರುವಾಗ ಮುಂದಿನ ವರ್ಷದ ಅಡಿಕೆ ಅಂಗಳದಲ್ಲಿ ಒಣಗುತ್ತಿತ್ತು. ಅದೂ ಎಲೆಚುಕ್ಕಿ ರೋಗ ತಿಂದು ಉಳಿಸಿದ್ದು. ಸಂಕ ಮಾತ್ರ ಇವತ್ತಿಗೂ ಗಟ್ಟಿ ಇದೆ, ಬಂದು ನೋಡಿ.

ಪೇಟೆ ಅಂಗಡಿ, ಸಾಗರ:
ಸದಸ್ಯರು ಪಂಚಾಯಿತಿ ಕೆಲಸದ ಗುತ್ತಿಗೆ ಹಿಡಿಯುವ ಹಾಗಿಲ್ಲ ಅಲ್ವಾ ಸ್ವಾಮಿ? ಬಾಕಿ ಕೇಳಲು ನಿಮ್ಮ ಮನೆಗೇ ಯಾಕೆ ಬಂದರು?

ನಾನು ಪೇಟೆಯ ವಾರ್ಡಿಗೆ ನಿಂತು ಸೋತವನು. ಕರಪತ್ರಕ್ಕೆ 9 ಸಾವಿರ, ಆಟೋ ಮೈಕಿಗೆ 14 ಸಾವಿರ, ಹುಡುಗರ ತಿಂಡಿ ಕಾಫಿಗೆ ಲೆಕ್ಕವೇ ಇಲ್ಲ. ಬಾಡೂಟ ಹಾಕಲಿಲ್ಲ, ಅದಕ್ಕೇ ಸೋತೆ. ನಮ್ಮ ಅಂಗಡಿಯಲ್ಲಿ ಉದ್ರಿ ಬರೆಸಿದವರೇ ಎದುರಿನವರ ಊಟಕ್ಕೆ ಹೋಗಿದ್ದರು. ನಿಲ್ಲಬೇಡಿ. ಸಂತೆಯೂ ಬೇಡ. ಹೊರಗಿನ ಗಾಡಿಗಳು ಬಂದು ಮಾರಿ ಹೋಗುತ್ತವೆ. ವರ್ಷವಿಡೀ ಬಾಗಿಲು ತೆಗೆದು ಕೂತವನ ಗತಿ ಏನು?

ದಬ್ಬೆ ಸಂಕ:
ಗುತ್ತಿಗೆ ಹಿಡಿದಿಲ್ಲ. ಅಂಗಡಿಯವನು ನನ್ನ ಮುಖ ನೋಡಿ ಕೊಟ್ಟಿದ್ದ. ಹಳ್ಳಿಯಲ್ಲಿ ಹಾಗೇ ನಡೆಯುವುದು. ಬಾಡೂಟಕ್ಕೆ ಸೋತವರಿಗೆ ಹೇಳಿದರೆ ಅರ್ಥವಾಗುವುದಿಲ್ಲ ಬಿಡಿ.

ಮಾಜಿ ಅಧ್ಯಕ್ಷೆ, ಸೊರಬ:
ಗಂಡಸರ ಜಗಳ ಆಮೇಲೆ ಮುಗಿಸಿ. ಅಧ್ಯಕ್ಷರ ಅವಧಿ ಎರಡೂವರೆ ವರ್ಷ. ಅದರಲ್ಲಿ ಮೊದಲ ಅರ್ಧ ವರ್ಷ "ಯಜಮಾನರು ಬಂದಿದ್ದಾರಾ?" ಅಂತ ಕೇಳುವವರಿಗೆ ಉತ್ತರ ಕೊಡುವುದರಲ್ಲೇ ಹೋಗುತ್ತದೆ. ಹಣಕಾಸು ಆಯೋಗದ ದುಡ್ಡು ಬಂತು ಅಂತ ಕುಣಿಯಬೇಡಿ. ನನ್ನ ಕಾಲದ 15ನೇ ಆಯೋಗದ ದುಡ್ಡಿನಲ್ಲಿ ನೂರಕ್ಕೆ 60 ಭಾಗ ನೀರು, ನೈರ್ಮಲ್ಯಕ್ಕೇ ಹೋಗಬೇಕಿತ್ತು. ಉಳಿದಿದ್ದರ ಮೇಲೆ ಎಲ್ಲ ಸದಸ್ಯರ ಕಣ್ಣು. ನಾನು ನೀರಿನ ಕರ ವಸೂಲಿ ಮಾಡಿಸಿದೆ. ಬಾಕಿದಾರರ ಪಟ್ಟಿ ನೋಟಿಸ್ ಬೋರ್ಡಿಗೆ ಹಾಕಿಸಿದೆ. ಮೊದಲ ಹೆಸರೇ ನನ್ನ ಮೈದುನನದು. ಆ ದೀಪಾವಳಿಗೆ ಅವರ ಮನೆಯಿಂದ ಯಾರೂ ಬರಲಿಲ್ಲ.

ಗ್ರಂಥಾಲಯ ಮಾಡಿ, ಖಂಡಿತ ಮಾಡಿ. ಪಿಯುಸಿ ಹುಡುಗಿಯರು ಸಂಜೆ ಬಸ್ಸಿನವರೆಗೂ ಕೂತು ಓದುತ್ತಿದ್ದರು. ಆದರೆ ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಷ್ಟು. ಕಪಾಟಿನೊಳಗೆ ಹಳೇ ಗುಂಡು ಬಲ್ಬು ಉರಿಸಿಟ್ಟು ಒಣಗಿಸಿದೆವು. ಆ ಕರೆಂಟ್ ಬಿಲ್ಲಿಗೂ ಸಭೆಯಲ್ಲಿ ಆಕ್ಷೇಪಣೆ ಬಂತು!

ಚೌಕಿ ಹಿಂದೆ, ಹೆಗ್ಗೋಡು ಕಡೆ:
ಊರಿಗೆ ಜೀವ ಬರಲು ಪಂಚಾಯಿತಿ ಯಾಕೆ? ಹೆಗ್ಗೋಡಿನಲ್ಲಿ 1949ರಲ್ಲಿ ನೀನಾಸಂ ನಾಟಕ ಸಂಘ ಶುರು ಮಾಡಿದವರು ಗೆದ್ದು ಬಂದು ಮಾಡಿದ್ದಲ್ಲ. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗಲೂ ಅದು ಅಡಿಕೆ ತೋಟದ ಊರೇ. ನಮ್ಮ ಯುವಕ ಸಂಘ ಪ್ರತಿ ವರ್ಷ ಒಂದು ಯಕ್ಷಗಾನ ಆಟ ಆಡಿಸುತ್ತದೆ. ಕಳೆದ ಸಲ ಮೇಳಕ್ಕೆ 65 ಸಾವಿರ, ಶಾಮಿಯಾನ, ಕುರ್ಚಿ, ಲೈಟಿಗೆ 22 ಸಾವಿರ. ಎರಡನೇ ಪ್ರಸಂಗದ ಹೊತ್ತಿಗೆ ಅಕಾಲ ಮಳೆ ಹೊಡೆದು ಶಾಮಿಯಾನ ಭಾಗವತರ ಮೇಲೇ ಕೂತಿತು. ಚೆಂಡೆ ಒದ್ದೆಯಾಗಿದ್ದಕ್ಕೂ ನಾವೇ ದುಡ್ಡು ಕಟ್ಟಿದೆವು. ಪಂಚಾಯಿತಿಯಿಂದ ಒಂದು ಟ್ಯಾಂಕರ್ ನೀರು ಕೇಳಿದರೆ ಅರ್ಜಿ ಬರೆದು ಕೊಡಿ ಅಂದರು.

ಮಾಜಿ ಅಧ್ಯಕ್ಷೆ:
ಅರ್ಜಿ ಬರೆಯಲು ಏನು ಕಷ್ಟ? ಬೆಳಿಗ್ಗೆ ಆ ಗದ್ದೆ ತುಂಬ ಬಿದ್ದ ತಟ್ಟೆ, ಲೋಟ ಎತ್ತಿದ್ದು ಯಾರು? ಕಸದ ಗಾಡಿ ಓಡಿಸುವ ಹೆಂಗಸರು. ಕಲೆ ನಿಮ್ಮದು, ಕಸ ನಮ್ಮದಾ?

ಚೌಕಿ ಹಿಂದೆ:
ನಾವು ಬಾಳೆಲೆಯಲ್ಲೇ ಬಡಿಸಿದ್ದು. ಸುಮ್ನೆ ಹೇಳಬೇಡಿ.

ವಾಪಸ್ ಬಂದವನು:
ಎಲ್ಲರಿಗೂ ಧನ್ಯವಾದ. ಒಂದು ಸಂಶಯ. ನಮ್ಮ ಕ್ಷೇತ್ರ ಈ ಸಲ ಮಹಿಳಾ ಮೀಸಲು ಆದರೆ?

ಪೇಟೆ ಅಂಗಡಿ:
ಮನೆಯವರನ್ನು ನಿಲ್ಲಿಸಿ, ಓಡಾಟ ನೀವು ನೋಡಿಕೊಳ್ಳಿ. ಎಲ್ಲರೂ ಮಾಡುವುದು ಅದೇ ಅಲ್ವಾ?

ಮಾಜಿ ಅಧ್ಯಕ್ಷೆ:
ಇದಕ್ಕೇ ನಾನು ಬೆಳಿಗ್ಗೆಯಿಂದ ಬರೆದದ್ದು! ಆ ತಾಯಿ ಬೇಡ ಅಂದಿದ್ದಾರೆ. ಬೇಡ ಅಂದವರನ್ನು ನಿಲ್ಲಿಸಿ ಸಹಿ ಹಾಕಿಸುವುದಾ? ಅವರಿಗೇ ನಿಲ್ಲುವ ಮನಸ್ಸಿದ್ದರೆ ನನ್ನ ಹತ್ತಿರ ಮಾತಾಡಲಿ, ಸಭೆಯ ನಡಾವಳಿ ಓದುವುದರಿಂದ ಹಿಡಿದು ಎಲ್ಲ ಹೇಳಿಕೊಡುತ್ತೇನೆ. ಅಂಗಡಿಯವರೇ, ನೀವು ಸೋತಿದ್ದು ಊಟದಿಂದಲ್ಲ.

ಪೇಟೆ ಅಂಗಡಿ:
ಅಕ್ಕಾ, ನಿಮ್ಮ ಜೊತೆ ವಾದ ಇಲ್ಲ. ಟಿಲ್ಲರ್ ಬಾಡಿಗೆ 11 ಸಾವಿರ ಯಾವ ಊರಿನ ರೇಟು, ಅದನ್ನು ಯಾರಾದರೂ ಹೇಳಿ. ನಮ್ಮ ಕಡೆ ಅರ್ಧಕ್ಕೆ ಹೊಡೆಯುತ್ತಾರೆ.

ದಬ್ಬೆ ಸಂಕ:
ಅರ್ಧಕ್ಕೆ ಹೊಡೆಯುವವನ ನಂಬರ್ ಕಳಿಸಿ. ಆ ಇಳಿಜಾರಿನಲ್ಲಿ ಒಂದು ಟ್ರಿಪ್ ಇಳಿಸಿ ತೋರಿಸಲಿ, ಟ್ರಾಲಿ ಮಗುಚಿದರೆ ಎತ್ತಿಸುವ ಖರ್ಚು ನಿಮ್ಮದು.